ನಿಧಾನದ ಹಡಗನ್ನು ತೂಗಿ ನೋಡಿದ್ದು

ನನ್ನ ತಂಗಿ ತನ್ನ ಮಗಳ ಹಡಗು ನೌಕರಿಯ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು ನನ್ನ ಮಾತು ಕೇಳಿ. ಆ ಪುಸ್ತಕವಿಲ್ಲದೆ ಯಾರೂ ಹಡಗು ಹತ್ತುವಂತಿಲ್ಲ. ಆಡುವಾಗ ನನ್ನ ಮಾತು ಸಮಾಧಾನದ ಮಾತಾಗಿತ್ತು. ಅದು ನಿಜವೋ ಸುಳ್ಳೋ ಎಂದು ನಾನು ನೋಡಿರಲಿಲ್ಲ. ಬೇರೆಯವರು ಹೀಗೆ ಮಾಡಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ನಾನು ಜಗಳೂರಿನವನು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಲಾರಿಯಲ್ಲಿ ಕ್ಲೀನರಾಗಿ ಸೇರಿ, ಮುಂದೆ ಇಪ್ಪತ್ತಾರು ವರ್ಷ ಅದೇ ಮಾಲೀಕರ ಬೇರೆ ಬೇರೆ ಗಾಡಿಗಳನ್ನು ಓಡಿಸಿದೆ. ಮೆಕ್ಕೆಜೋಳ ಹೇರಿಕೊಂಡು ಘಟ್ಟ ಇಳಿದು ಬಂದರಿಗೆ ಹೋಗುವುದು ನನ್ನ ಮುಖ್ಯ ಕೆಲಸ. ಗಾಡಿ ಖಾಲಿಯಾಗುವವರೆಗೆ ಕಾಯಬೇಕಾಗುತ್ತಿತ್ತು. ಕಾಯುವಾಗ ಓದಿದೆ. ನನ್ನ ವಿದ್ಯೆಯೆಲ್ಲ ಬಂದರಿನ ಗೇಟಿನ ಹೊರಗೆ, ಸ್ಟೇರಿಂಗಿನ ಮೇಲೆ ಪುಸ್ತಕ ಒರಗಿಸಿಕೊಂಡು ಗಳಿಸಿದ್ದು. ಹೀಗೆ ಕಲಿತವನಿಗೆ ಒಂದು ದೋಷ ಅಂಟಿಕೊಳ್ಳುತ್ತದೆ. ಗುರು ಇಲ್ಲದೆ ಕಲಿತದ್ದರಿಂದ ಯಾರ ಮಾತನ್ನೂ ಗುರುವಿನ ಮಾತೆಂದು ಒಪ್ಪಲು ಅವನಿಗೆ ಆಗುವುದಿಲ್ಲ.

ನಮ್ಮ ಕಡೆಯ ಗುಡ್ಡಗಳ ಮೇಲೆ ಕರೆಂಟು ತೆಗೆಯುವ ಗಾಳಿ ಗಿರಣಿಗಳು ನಿಂತಾಗ, ಅವು ಮೋಡವನ್ನು ಚದುರಿಸಿ ಮಳೆ ಓಡಿಸುತ್ತವೆ ಎಂಬ ಮಾತು ಸೊಕ್ಕೆ ಹಳ್ಳಿಯಿಂದ ಜಗಳೂರಿನ ಸಂತೆಯವರೆಗೆ ಹಬ್ಬಿತು. ಗಿರಣಿಯ ಎಂಜಿನಿಯರು ಬಂದು ಹಾಗೆ ಆಗುವುದೇ ಇಲ್ಲ ಎಂದು ಹೇಳಿ ಹೋದರು. ನಾನು ಇಬ್ಬರನ್ನೂ ನಂಬಲಿಲ್ಲ. ಮಾಳಿಗೆಯ ಮೇಲೆ ಮಳೆ ಅಳೆಯುವ ಡಬ್ಬಿ ಇಟ್ಟು, ಹನಿ ಬಿದ್ದ ದಿನವೆಲ್ಲ ಬರೆಯುತ್ತ ಬಂದೆ. ಈಗಲೂ ಬರೆಯುತ್ತೇನೆ. ಗಿರಣಿಗೂ ಮಳೆಗೂ ಸಂಬಂಧ ನನ್ನ ಪುಸ್ತಕದಲ್ಲಿ ಇದುವರೆಗೆ ಕಂಡಿಲ್ಲ. ಆದರೆ ಒಂದು ಮಾಳಿಗೆಯ ಡಬ್ಬಿಯಿಂದ ಇಡೀ ತಾಲ್ಲೂಕಿನ ಆಕಾಶಕ್ಕೆ ತೀರ್ಪು ಕೊಡುವ ಧೈರ್ಯವೂ ನನಗಿಲ್ಲ. ಇದರಿಂದ ಎರಡೂ ಕಡೆಯವರಿಗೆ ನನ್ನ ಮೇಲೆ ಅಸಮಾಧಾನ. ಅಷ್ಟರ ಮಟ್ಟಿಗೆ ನಾನು ಸರಿಯಾದ ದಾರಿಯಲ್ಲಿದ್ದೇನೆ ಎಂದು ತಿಳಿದಿದ್ದೆ.

ತಂಗಿಯನ್ನು ನ್ಯಾಮತಿಗೆ ಕೊಟ್ಟಿದೆ. ಅವಳಿಗೆ ಒಬ್ಬಳೇ ಮಗಳು. ಆ ಹುಡುಗಿ ಸಣ್ಣವಳಿದ್ದಾಗ ನನ್ನ ಲಾರಿಯ ಬಾನೆಟ್ಟು ಎತ್ತಿದರೆ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಈಗ ಸರಕು ಹಡಗೊಂದರ ಎಂಜಿನ್ ಕೋಣೆಯಲ್ಲಿ ಎಂಜಿನಿಯರು. ಆ ಎಂಜಿನ್ನು ನಮ್ಮ ಎರಡು ಅಂತಸ್ತಿನ ಮನೆಗಿಂತ ಎತ್ತರವಂತೆ. ಅದು ಉರಿಸುವ ಎಣ್ಣೆ ರಸ್ತೆಗೆ ಹಾಕುವ ಡಾಂಬರಿನ ಹಾಗೆ ಗಟ್ಟಿ, ಕಾಯಿಸಿದರೆ ಮಾತ್ರ ಹರಿಯುತ್ತದಂತೆ. ಈ 'ಅಂತೆ'ಗಳನ್ನು ನಾನು ಅವಳು ಫೋನಿನಲ್ಲಿ ತೋರಿಸಿದ ಚಿತ್ರಗಳನ್ನು ನೋಡಿದ ಮೇಲೆ ಒಪ್ಪಿದೆ.

ಅವಳ ತಂದೆ, ನನ್ನ ಭಾವ, ತೀರಿಕೊಂಡು ವರ್ಷವಾದಾಗ ಮೊದಲ ಪುಣ್ಯಸ್ಮರಣೆಗೆ ಮಗಳು ಬರುತ್ತಾಳೆಂದು ತಂಗಿ ಎಲ್ಲ ಸಿದ್ಧ ಮಾಡಿಕೊಂಡಿದ್ದಳು. ಭಾವನವರಿಗೆ ಶೇಂಗಾ ಹೋಳಿಗೆ ಇಷ್ಟ, ಮಗಳಿಗೂ ಇಷ್ಟ. ಹಡಗು ಇಂಥ ದಿನ ಇಂಥ ಬಂದರು ಮುಟ್ಟುತ್ತದೆ, ಅಲ್ಲಿ ಇಳಿದು ವಿಮಾನ ಹತ್ತಿ ಬರುತ್ತೇನೆ ಎಂದು ಅವಳು ಹೇಳಿದ್ದಳು. ಆಮೇಲೆ ಸುದ್ದಿ ಬಂತು. ಹಡಗಿಗೆ ವೇಗ ತಗ್ಗಿಸಲು ಅಪ್ಪಣೆಯಾಗಿದೆ, ಬಂದರು ಮುಟ್ಟುವುದು ತಡ. ಜಂಗಮರು ಬಂದರು, ಪೂಜೆಯಾಯಿತು, ನೆಂಟರು ಉಂಡು ಹೋದರು. ಮಗಳು ಬಂದದ್ದು ಹನ್ನೊಂದು ದಿನ ಕಳೆದ ಮೇಲೆ. ತಂಗಿ ಅವಳ ಪಾಲಿನ ಹೋಳಿಗೆಯನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು. ಹುಡುಗಿ ಚೀಲ ಇಳಿಸದೆ, ನಿಂತಲ್ಲೇ ಎರಡು ಹೋಳಿಗೆ ತಿಂದಳೆಂದು ಆಮೇಲೆ ಕೇಳಿದೆ.

ಪುಣ್ಯಸ್ಮರಣೆಯ ದಿನ ಮಧ್ಯಾಹ್ನ, ಎಲೆಗಳೆಲ್ಲ ಎದ್ದ ಮೇಲೆ, ತಂಗಿ ಜಗಲಿಯಲ್ಲಿ ಕುಳಿತು ನನ್ನನ್ನು ಕೇಳಿದ್ದಳು.

"ಅಣ್ಣ, ಹೊಗೆ ಕಡಿಮೆ ಆಗ್ಲಿ ಅಂತ ಹಡಗು ಮೆಲ್ಲಕೆ ಬಿಡ್ತಾರಂತೆ. ಭೂಮಿ ಬಿಸಿ ಆಗೋದು ತಪ್ಪುತ್ತಂತೆ. ನಿನಗೆ ಗಾಡಿ ಗೊತ್ತೈತಲ್ಲ, ಇದು ಹೌದಾ?"

ಅವಳ ಕಣ್ಣು ಕೆಂಪಾಗಿತ್ತು. ಸಿಟ್ಟು ಮಾಡಿಕೊಳ್ಳಲು ಅವಳಿಗೆ ಯಾರಾದರೂ ಬೇಕಾಗಿತ್ತು, ಮಗಳ ಮೇಲೆ ಮಾಡಿಕೊಳ್ಳುವುದು ಬೇಡವಾಗಿತ್ತು. ನಾನು ಹೇಳಿದೆ: "ಎಲ್ಲಿ ಹೌದು? ಲೋಡ್ ಗಾಡೀನ ಫಸ್ಟ್ ಗೇರಿನಾಗೆ ತೆವಳಿಸಿದ್ರೆ ಡೀಸೆಲ್ ಜಾಸ್ತಿ ಕುಡೀತೈತೆ. ಹೊತ್ತು ಜಾಸ್ತಿ ಆದಷ್ಟೂ ಎಂಜಿನ್ನು ಉರಿಯೋದೂ ಜಾಸ್ತಿ. ಇದೆಲ್ಲ ಕಂಪನಿಯೋರ ಕಥೆ. ಜನನ್ನ ಇನ್ನಷ್ಟು ದಿನ ಹಡಗಿನಾಗೆ ಇಟ್ಟುಕೊಳ್ಳಾಕೆ ಒಂದು ನೆಪ."

ಆ ಮಾತು ಅವಳಿಗೆ ಹಿಡಿಸಿತು. ಹಿಡಿಸಿದ್ದನ್ನು ನೋಡಿ ನನಗೂ ಹಿಡಿಸಿತು.

ಅದರ ಫಲ ಎರಡು ತಿಂಗಳ ಮೇಲೆ ಜಗಳೂರಿಗೆ ಬಂತು. ಸೊಸೆ (ತಂಗಿಯ ಮಗಳನ್ನು ನಾವು ಸೊಸೆಯೆಂದೇ ಅನ್ನುವುದು) ಹೊನ್ನಾಳಿ, ದಾವಣಗೆರೆ ಎಂದು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ಮಾವ, ಅವ್ವ ನನ್ನ ಪುಸ್ತಕಕ್ಕೆ ಬೀಗ ಹಾಕ್ಯಾಳೆ. ಸೋಮವಾರದೊಳಗೆ ಹಡಗಿಗೆ ಬರ್ತೀನಿ ಅಂತ ಹೇಳಬೇಕು. ಇಲ್ಲಾಂದ್ರೆ ನನ್ನ ಜಾಗಕ್ಕೆ ಬೇರೆಯೋರು ಹೋಗ್ತಾರೆ. ಕೇಳಿದ್ರೆ ಅವ್ವ ಏನಂತಾಳೆ ಗೊತ್ತಾ? 'ನಿಮ್ಮ ಮಾವನೇ ಹೇಳ್ಯಾನೆ, ಅದೆಲ್ಲ ಸುಳ್ಳು, ಸುಳ್ಳಿಗೋಸ್ಕರ ನಿಮ್ಮಪ್ಪನ ದಿನ ತಪ್ಪಿಸಿದ್ರು, ಅಂಥೋರ ಕೆಲಸ ಬ್ಯಾಡ' ಅಂತ."

"ಅಂದಿದ್ದು ಹೌದು" ಎಂದೆ.

"ಹಂಗಾರೆ ಬಂದು ವಾಪಸ್ ತಗೋ."

"ಸುಳ್ಳು ಅಂತ ಗೊತ್ತಾಗದೆ ಹೆಂಗೆ ವಾಪಸ್ ತಗೊಳ್ಳಲಿ?"

"ನಿಜ ಅಂತ ಗೊತ್ತಾಗದೆ ಹೆಂಗೆ ಅಂದೆ ಮತ್ತೆ?"

ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. "ಹೇಳಪ್ಪ ಈಗ" ಎಂದಳು ಅಲ್ಲಿಂದಲೇ.

ನಾನು ಸೊಸೆಯನ್ನು ಕೂರಿಸಿಕೊಂಡು ಅವಳ ವಾದವೇನೆಂದು ಕೇಳಿದೆ. ಅವಳು ಹೇಳಿದ್ದು ಇಷ್ಟು. ರಸ್ತೆಯ ಮೇಲಿನ ಗಾಡಿಯ ಲೆಕ್ಕ ನೀರಿಗೆ ಬರುವುದಿಲ್ಲ. ಹಡಗು ನೀರನ್ನು ಸರಿಸಿ ದಾರಿ ಮಾಡಿಕೊಳ್ಳಬೇಕು. ವೇಗ ಎರಡರಷ್ಟಾದರೆ ನೀರು ಒಡ್ಡುವ ತಡೆ ಎರಡರಷ್ಟಲ್ಲ, ಹೆಚ್ಚುಕಡಿಮೆ ನಾಲ್ಕರಷ್ಟು. ಆದ್ದರಿಂದ ಅದೇ ದಾರಿಯನ್ನು ನಿಧಾನವಾಗಿ ಸಾಗಿದರೆ ಹೊತ್ತು ಹೆಚ್ಚಾದರೂ ಒಟ್ಟು ಎಣ್ಣೆ ಕಡಿಮೆ, ಎಣ್ಣೆ ಕಡಿಮೆಯಾದಷ್ಟೂ ಇಂಗಾಲದ ಹೊಗೆ ಕಡಿಮೆ. ಸಾಗಿಸಿದ ಸರಕು ಮತ್ತು ದೂರಕ್ಕೆ ಎಷ್ಟು ಹೊಗೆ ಬಿಟ್ಟಿತೆಂದು ನೋಡಿ ದೊಡ್ಡ ಹಡಗುಗಳಿಗೆ ವರ್ಷ ವರ್ಷ ದರ್ಜೆ ಕೊಡುವ ನಿಯಮವೂ ಈಗ ಇದೆ.

"ನಾಲ್ಕರಷ್ಟು ಅಂತ ಯಾರು ಅಳೆದ್ರು?"

"ಅಳೆದೋರು ಬೇಕಾದಷ್ಟು ಜನ ಅದಾರೆ, ಮಾವ."

"ನೀನು ಅಳೆದೀಯಾ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ್ದ ನನ್ನ ಸ್ಪ್ರಿಂಗ್ ತಕ್ಕಡಿಯನ್ನು ನೋಡಿದಳು. ಮೇಲೊಂದು ಹಿಡಿ, ಕೆಳಗೊಂದು ಕೊಕ್ಕೆ, ನಡುವೆ ಮುಳ್ಳು. ಲಾರಿಯ ಕಾಲದಿಂದ ನನ್ನ ಜೊತೆಗಿರುವ ವಸ್ತು. "ಅದನ್ನ ತಗೋ. ಎಲ್ಲಿ ನಿಂತ ನೀರೈತೆ ಹೇಳು, ಈಗಲೇ ಅಳೆಯಾನ" ಎಂದಳು.

ಹೊನ್ನಾಳಿಯಲ್ಲಿ ಹೊಳೆಯಿದೆ, ಆದರೆ ಹರಿಯುವ ನೀರು ಲೆಕ್ಕವನ್ನು ಕೆಡಿಸುತ್ತದೆ. ಚನ್ನಗಿರಿ ಕಡೆಯ ದೊಡ್ಡ ಕೆರೆಯೇ ಸರಿ ಎಂದು ತೀರ್ಮಾನಿಸಿ ಮರುದಿನ ನಸುಕಿನ ಬಸ್ಸು ಹಿಡಿದೆವು. ಗಾಳಿ ಏಳುವ ಮೊದಲೇ ಏರಿಯ ಮೇಲಿದ್ದೆವು. ದುಂಡನೆಯ ತೆಪ್ಪದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರನೊಬ್ಬನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವನಿಗೆ ತಮಾಷೆ ಬೇಕಾಗಿತ್ತು.

"ಮೀನು ತೂಗೋ ತಕ್ಕಡಿನಾಗೆ ಕೆರೆ ತೂಗ್ತೀರೇನ್ರೀ ಯಜಮಾನ್ರೇ?"

"ಕೆರೆ ಅಲ್ಲಪ್ಪ, ನಿನ್ನ ತೆಪ್ಪ ಎಷ್ಟು ಮೊಂಡು ಅಂತ ನೋಡ್ತೀವಿ."

"ಮೊಂಡು ನೋಡಾಕೆ ತೆಪ್ಪ ಯಾಕ್ರೀ" ಎಂದು ಅವನು ಸೊಸೆಯ ಕಡೆ ನೋಡಿದ. ಅವಳು ಅಂದು ಮೊದಲ ಸಲ ನಕ್ಕಳು.

ಏರಿಯ ಕಲ್ಲುಕಟ್ಟೆಯ ಮೇಲೆ ನೂರು ಹೆಜ್ಜೆ ಅಳೆದು ಎರಡು ತುದಿಗೆ ಗುರುತು ಇಟ್ಟೆ. ತೆಪ್ಪಕ್ಕೆ ಹಗ್ಗ, ಹಗ್ಗದ ತುದಿಗೆ ತಕ್ಕಡಿಯ ಕೊಕ್ಕೆ, ತಕ್ಕಡಿಯ ಹಿಡಿ ಸೊಸೆಯ ಕೈಯಲ್ಲಿ. ಅವಳು ದಡದ ಮೇಲೆ ಒಂದೇ ಸಮನೆ ನಡೆಯುತ್ತ ತೆಪ್ಪವನ್ನು ಎಳೆಯಬೇಕು, ಮೀನುಗಾರ ತೆಪ್ಪ ಕಲ್ಲಿಗೆ ಬಡಿಯದಂತೆ ಹುಟ್ಟಿನಿಂದ ನೋಡಿಕೊಳ್ಳಬೇಕು, ನಾನು ಪಕ್ಕದಲ್ಲಿ ನಡೆಯುತ್ತ ಮುಳ್ಳನ್ನೂ ಗಡಿಯಾರವನ್ನೂ ನೋಡಬೇಕು. ಮೊದಲ ಎಳೆತಕ್ಕೇ ನನ್ನ ವಿದ್ಯೆಯ ಹುಳುಕು ಕಂಡಿತು. ತೆಪ್ಪ ಮುಂದೆ ಬರುವ ಬದಲು ಬುಗುರಿಯ ಹಾಗೆ ತಿರುಗಿತು. ದುಂಡಗಿನ ವಸ್ತುವನ್ನು ಒಂದು ಕಡೆ ಹಿಡಿದು ಎಳೆದರೆ ತಿರುಗುತ್ತದೆಂದು ಪುಸ್ತಕದಲ್ಲಿ ಓದಬೇಕಾಗಿರಲಿಲ್ಲ. ಮೀನುಗಾರ ಬಾಯಿ ಮುಚ್ಚಿಕೊಂಡು ಎರಡು ಸುತ್ತು ತಿರುಗಿದ, ಆಮೇಲೆ ತಾನೇ ಒಂದು ಪ್ಲಾಸ್ಟಿಕ್ ಕೊಡವನ್ನು ಹಗ್ಗಕ್ಕೆ ಕಟ್ಟಿ ಹಿಂದೆ ನೀರಿಗೆ ಬಿಟ್ಟ. ಬಾಲ ಕಟ್ಟಿದ ಗಾಳಿಪಟದ ಹಾಗೆ ತೆಪ್ಪ ನೆಟ್ಟಗೆ ಬಂತು.

ನೂರು ಹೆಜ್ಜೆಯ ದೂರವನ್ನು ಎರಡು ನಿಮಿಷದಲ್ಲಿ ನಡೆದಾಗ ಮುಳ್ಳು ಮೂರು ಕಿಲೋ, ಮೂರೂವರೆ ಕಿಲೋದ ನಡುವೆ ಆಡಿತು. ಅದೇ ದೂರವನ್ನು ಒಂದೇ ನಿಮಿಷದಲ್ಲಿ ನಡೆದಾಗ ಆರೋ ಏಳೋ ಇರುತ್ತದೆಂದು ನನ್ನ ಲಾರಿಯ ಬುದ್ಧಿ ಹೇಳುತ್ತಿತ್ತು. ಮುಳ್ಳು ಹತ್ತು ದಾಟಿತು. ಹನ್ನೆರಡಕ್ಕೂ ಹೋಗಿ ಬಂತು. ಸೊಸೆಯ ತೋಳಿನ ನರ ಉಬ್ಬಿತ್ತು. ತೆಪ್ಪದ ಮುಂದೆ ನೀರು ಸಣ್ಣ ದಿಬ್ಬದಂತೆ ಎದ್ದಿತ್ತು. ನಿಧಾನವಾಗಿ ಎಳೆದಾಗ ಆ ದಿಬ್ಬ ಇರಲಿಲ್ಲ.

"ಇನ್ನೊಂದು ಸಲ" ಎಂದೆ. ಗಾಳಿಯ ಪಾಲು ಇರಬಹುದೆಂದು ದಿಕ್ಕು ತಿರುಗಿಸಿ ಎಳೆಸಿದೆ. ಅವಳು ಬೇಕೆಂದೇ ಜಗ್ಗುತ್ತಿರಬಹುದೆಂದು ತಕ್ಕಡಿಯನ್ನು ನಾನೇ ಹಿಡಿದು ಎಳೆದೆ. ಎಪ್ಪತ್ತು ದಾಟಿದವನಿಗೆ ಬೇಗದ ನಡಿಗೆಯಲ್ಲಿ ಆ ಭಾರ ಹಿಡಿಯುವುದು ಎಂಥದ್ದೆಂದು ಐವತ್ತನೆಯ ಹೆಜ್ಜೆಗೆ ಗೊತ್ತಾಯಿತು. ಮುಳ್ಳು ಓದಲು ಸೊಸೆ ಪಕ್ಕದಲ್ಲಿ ಬರುತ್ತಿದ್ದಳು. "ಹನ್ನೊಂದು, ಮಾವ. ಸಾಕು ಬಿಡು, ಉಸಿರು ಹಿಡ್ಕೊಂಡು ಬಿದ್ದೀಯ" ಎಂದಳು. ನಾನು ಗುರುತಿನವರೆಗೂ ಎಳೆದೇ ಬಿಟ್ಟೆ.

ಕಲ್ಲಿನ ಮೇಲೆ ಕುಳಿತು ಸುಧಾರಿಸಿಕೊಂಡ ಮೇಲೆ ಹೇಳಿದೆ: "ನೀ ಹೇಳಿದ ನಾಲ್ಕರಷ್ಟು ಆಗಿಲ್ಲ."

"ನಾಲ್ಕು ಆಗಿಲ್ಲ. ದೂರ ಅಷ್ಟೇ, ಎಳೆತ ಮಾತ್ರ ಮೂರರಷ್ಟು ದಾಟ್ತು. ಹೊತ್ತು ಅರ್ಧ ಆದ್ರೂ ನೀ ಹೇಳಿದಂಗೆ ಎಣ್ಣೆ ಉಳಿಯಲ್ಲವಲ್ಲ?"

ಮೀನುಗಾರ ಕೊಡದ ನೀರು ಸುರಿಯುತ್ತ ನಮ್ಮಿಬ್ಬರ ಮಾತು ಕೇಳಿದ. ಇಷ್ಟು ಹೊತ್ತೂ ಯಾತಕ್ಕೆ ಎಳೆದೆವೆಂದು ವಿಚಾರಿಸಿದ. ಸೊಸೆ ಹೇಳಿದಳು. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಇಷ್ಟಕ್ಕೆ ಇಷ್ಟೆಲ್ಲಾನಾ? ಜೋರು ಹುಟ್ಟು ಹಾಕಿದ್ರೆ ಆಚೆ ದಡ ಮುಟ್ಟೋದ್ರೊಳಗೆ ರಟ್ಟೆ ಬಿದ್ದು ಹೋಗ್ತಾವೆ. ಮೆಲ್ಲಕೆ ಹಾಕಿದ್ರೆ ದಿನಾ ಪೂರ್ತಿ ಹಾಕ್ತೀನಿ. ನನ್ನ ಕೇಳಿದ್ರೆ ಕುಂತಲ್ಲೇ ಹೇಳ್ತಿದ್ದೆನಲ್ರೀ."

"ನೀ ಹೇಳಿದ್ರೆ ನಾನು ನಂಬ್ತಿರಲಿಲ್ಲ" ಎಂದೆ.

"ಅದೂ ಹೌದೇಳ್ರಿ" ಎಂದ.

ಚನ್ನಗಿರಿಯಿಂದ ಹೊನ್ನಾಳಿಯವರೆಗೆ ಬಸ್ಸಿನಲ್ಲಿ ನಾನು ಉಳಿದ ಅನುಮಾನಗಳನ್ನು ಒಂದೊಂದಾಗಿ ತೆಗೆದೆ. ಹಡಗು ನಿಧಾನವಾದರೆ ಅದೇ ಸರಕಿಗೆ ಹೆಚ್ಚು ಹಡಗು ಬೇಕಾಗುತ್ತದಲ್ಲ, ಅವುಗಳ ಹೊಗೆ? ಅದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು, ಸೇರಿಸಿದರೂ ಉಳಿತಾಯವಿದೆ, ಆದರೆ ಕಂಪನಿಯವರು ಹೇಳಿಕೊಳ್ಳುವಷ್ಟಿಲ್ಲ ಎಂದಳು. ಕಂಪನಿಗೆ ಎಣ್ಣೆಯ ಖರ್ಚು ಉಳಿಯುವುದಿಲ್ಲವೇ? ಉಳಿಯುತ್ತದೆ, ಅದಕ್ಕೇ ಅವರು ಬೇಗ ಒಪ್ಪಿದ್ದು ಎಂದಳು. ಇಷ್ಟರಿಂದಲೇ ಕೆಲಸ ಮುಗಿಯುತ್ತದೆಯೇ? ಇಲ್ಲ, ಎಣ್ಣೆಯನ್ನೇ ಬದಲಿಸಬೇಕು, ಅದಕ್ಕೆ ಬೇರೆ ಎಂಜಿನ್ನು ಬೇಕು. ಅವಳು ಹೋಗಬೇಕೆಂದಿದ್ದ ಹೊಸ ಹಡಗು ಅಂಥದ್ದಂತೆ, ಅಲ್ಲಿ ಕಲಿಯಲು ಅವಳಿಗೆ ಆಸೆ. ಉತ್ತರಗಳು ನನಗೆ ಸರಿಯೆನಿಸಿದ್ದು ಅವು ಪೂರ್ತಿ ನುಣ್ಣಗಿರಲಿಲ್ಲವೆಂಬ ಕಾರಣಕ್ಕೆ.

ಕೊನೆಗೆ ಅವಳು ಬಂದರಿನ ಸಂಗತಿ ಹೇಳಿದಳು. ಮೊದಲು ಹಡಗುಗಳು ಪೂರ್ತಿ ವೇಗದಲ್ಲಿ ಓಡಿ ಬಂದು, ಬಂದರಿನಲ್ಲಿ ಜಾಗ ಸಿಗದೆ ಹೊರಗೆ ಲಂಗರು ಹಾಕಿ ದಿನಗಟ್ಟಲೆ ನಿಲ್ಲುತ್ತಿದ್ದವಂತೆ. ಈಗಲೂ ಎಷ್ಟೋ ಹಡಗುಗಳು ಹಾಗೇ ಮಾಡುತ್ತವಂತೆ. ಅವಳ ತಂದೆಯ ದಿನ ತಪ್ಪಿದ ಪ್ರಯಾಣದಲ್ಲಿ, ಜಾಗ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಬನ್ನಿ, ಓಡಿ ಬಂದು ಕಾಯಬೇಡಿ ಎಂದು ಬಂದರಿನಿಂದಲೇ ಹೇಳಿದ್ದರಂತೆ.

ಘಟ್ಟದಲ್ಲಿ ಒಬ್ಬರನ್ನೊಬ್ಬರು ಹಿಂದೆ ಹಾಕಿ, ಬ್ರೇಕು ಕಾಯಿಸಿ, ಬಂದರಿನ ಗೇಟಿಗೆ ಹೋಗಿ, ಸಾಲಿನಲ್ಲಿ ಎರಡು ದಿನ ನಿಂತು ಲಾರಿಯ ನೆರಳಲ್ಲಿ ಅನ್ನ ಬೇಯಿಸಿಕೊಂಡವನು ನಾನು. ಅಷ್ಟು ಓಡಿದ್ದು ಯಾತಕ್ಕೆಂದು ಆಗ ಯಾರೂ ಕೇಳಲಿಲ್ಲ. ಗೇಟಿನ ಈಚೆ ನಾವು ಕಾಯುತ್ತಿದ್ದಾಗ ಗೋಡೆಯ ಆಚೆ ಹಡಗುಗಳೂ ಹಾಗೇ ಕಾಯುತ್ತಿದ್ದವೆಂಬುದು ನನಗೆ ಈಗ ಗೊತ್ತಾಯಿತು.

"ಅಂದ್ರೆ ನೀವು ಆ ಸಲ ಜೋರಾಗಿ ಬಂದಿದ್ರೂ...?"

"ಬಂದಿದ್ರೂ ದಡ ಕಾಣೋವಷ್ಟು ದೂರದಾಗೆ ನಿಂತಿರ್ತಿದ್ವಿ, ಮಾವ. ಇಳಿಯಾಕೆ ಆಗ್ತಿರಲಿಲ್ಲ. ಇದನ್ನ ಅವ್ವಗೆ ಹೇಳಾಕೆ ಹೋದ್ರೆ ಕೇಳೋದೇ ಇಲ್ಲ."

ಕೇಳದಂತೆ ಮಾಡಿದವನು ಪಕ್ಕದ ಸೀಟಿನಲ್ಲಿ ಕುಳಿತಿದ್ದ.

ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಅವಳು ಮಂಡಕ್ಕಿ ತಂದಳು. ನಾನು ಪೊಟ್ಟಣ ಹಿಡಿದುಕೊಂಡು ತಂಗಿಗೆ ಹೇಳಬೇಕಾದ ಮಾತನ್ನೇ ಹುಡುಕುತ್ತಿದ್ದೆ. ತಪ್ಪೆಂದು ಹೇಳುವ ಅಭ್ಯಾಸ ಇಲ್ಲದವನಿಗೆ ಆ ಮಾತು ಯಾವ ಪದದಿಂದ ಶುರುವಾಗುತ್ತದೆ ಎಂಬುದೇ ತಿಳಿಯುವುದಿಲ್ಲ. ನ್ಯಾಮತಿ ಮುಟ್ಟುವವರೆಗೆ ನಾಲ್ಕಾರು ವಾಕ್ಯ ಕಟ್ಟಿದೆ. ಎಲ್ಲವೂ 'ಆದರೆ' ಎಂಬಲ್ಲಿಗೆ ಹೋಗಿ ನಿಲ್ಲುತ್ತಿದ್ದವು.

ತಂಗಿ ಹಿತ್ತಿಲ ಬಾಗಿಲಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ನನ್ನ ಕೈಯಲ್ಲಿದ್ದ ತಕ್ಕಡಿ ನೋಡಿ, "ಏನಣ್ಣ, ಅಡಿಕೆ ವ್ಯಾಪಾರಕ್ಕೆ ಇಳಿದ್ಯಾ?" ಎಂದಳು. ನನ್ನ ವಾಕ್ಯಗಳೆಲ್ಲ ಮರೆತುಹೋದವು.

"ನಾನು ಅವತ್ತು ಹೇಳಿದ್ದು ತಪ್ಪು ಕಣವ್ವ. ನೋಡದೆ ಹೇಳಿದ್ದೆ. ಇವತ್ತು ಕೆರೆಯಾಗೆ ಎಳೆದು ನೋಡಿ ಬಂದೆ. ಮೆಲ್ಲಕೆ ಹೋದ್ರೆ ಎಣ್ಣೆ ಕಡಿಮೆ ಆಗೋದು ಖರೆ, ಹೊಗೆ ಕಡಿಮೆ ಆಗೋದು ಖರೆ. ಕಂಪನಿಗೂ ಲಾಭ ಐತೆ, ಅದೂ ಖರೆ. ಇವಳು ಸುಳ್ಳು ಹೇಳಿಲ್ಲ."

ಮೊರ ನಿಂತಿತು. ಅವಳು ನನ್ನನ್ನಲ್ಲ, ಜೋಳವನ್ನು ನೋಡುತ್ತ ಕೇಳಿದಳು.

"ಹೊಗೆ ಕಡಿಮೆ ಆಗೋದು ಖರೆ. ನನ್ನ ಮಗಳು ಬರಾಕೆ ತಡ ಆಗೋದು ಸುಳ್ಳಾ?"

"ಅದೂ ಖರೆ."

"ಹನ್ನೊಂದು ದಿನ ಆ ಹೋಳಿಗೆ ಡಬ್ಬಿ ನೋಡ್ತಾ ಕುಂತಿದ್ದು ನಾನು. ನೀನೂ ಅಲ್ಲ, ಕಂಪನಿಯೋರೂ ಅಲ್ಲ."

ಇದಕ್ಕೆ ತಕ್ಕಡಿ ಇರಲಿಲ್ಲ. ಸೊಸೆ ತಾಯಿಯ ಪಕ್ಕ ನೆಲದ ಮೇಲೆ ಕುಳಿತು ಬಸ್ಸಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದಳು: ಓಡಿ ಬಂದಿದ್ದರೂ ಹೊರಗೆ ನಿಂತಿರಬೇಕಾಗಿತ್ತು, ಅಪ್ಪನ ದಿನ ಹೇಗೂ ತಪ್ಪುತ್ತಿತ್ತು. ತಂಗಿ ನನ್ನ ಮುಖ ನೋಡಿದಳು. "ಗೇಟಿನಾಗೆ ನಾವು ಎರಡೆರಡು ದಿನ ಲಾರಿ ನಿಲ್ಲಿಸಿಕೊಂಡು ಕೂರ್ತಿರಲಿಲ್ವಾ? ಹಂಗೇ" ಎಂದೆ. ಆಗಿನ ದಿನಗಳಲ್ಲಿ ನಾನು ಹೇಳಿದ ಹೊತ್ತಿಗೆ ಬರದೆ ನನ್ನ ಹೆಂಡತಿಯೂ ಅವಳೂ ಬಾಗಿಲು ಕಾದದ್ದು ಅವಳಿಗೆ ನೆನಪಿತ್ತು.

"ಅದನ್ನ ಮೊದಲು ಹೇಳಬಾರದಾ?" ಎಂದು ಮಗಳನ್ನು ಬೈದಳು.

"ಹೇಳಿದ್ನಲ್ಲ! 'ನಿಮ್ಮ ಮಾವ ಹೇಳ್ಯಾನೆ' ಅಂತ ಬಾಯಿ ಮುಚ್ಚಿಸಿದ್ದು ಯಾರು?"

ತಂಗಿ ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲ ಸದ್ದು ಕೇಳಿತು. ಪುಸ್ತಕವನ್ನು ತಂದವಳು ಅದನ್ನು ಮಗಳಿಗೆ ಕೊಡದೆ ನನ್ನ ಕೈಗಿಟ್ಟಳು.

"ನೀನೇ ಕೊಡು. ಇನ್ನು ಮುಂದೆ ತಡ ಆದ್ರೆ ಯಾಕೆ ತಡ ಅಂತ ನಿನ್ನನ್ನೇ ಕೇಳ್ತೀನಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ಕಥೆ ಕಟ್ಟಬ್ಯಾಡ."

ಸೊಸೆ ಸೋಮವಾರ ಒಪ್ಪಿಗೆ ತಿಳಿಸಿ ಆ ತಿಂಗಳೇ ಹೋದಳು. ಅಂದಿನಿಂದ ನನ್ನ ಮಳೆಯ ಪುಸ್ತಕದ ಬಲಬದಿಯಲ್ಲಿ ಇನ್ನೊಂದು ಸಾಲು ಸೇರಿದೆ. ಅವಳು ಕಳಿಸುವ ಹಡಗಿನ ವೇಗ, ಉಳಿದ ದೂರ. ಭಾಗಿಸಿ ದಿನ ಬರೆಯುತ್ತೇನೆ. ಎರಡು ಸಲ ತಪ್ಪಿದ್ದೇನೆ, ತಪ್ಪಿದ್ದನ್ನು ಅಳಿಸಿಲ್ಲ. ಹೊಸ ಎಂಜಿನ್ನು ಹಳೆಯದಕ್ಕಿಂತ ಎಷ್ಟು ಮೇಲು ಎಂಬ ವಿಷಯದಲ್ಲಿ ನಾನಿನ್ನೂ ಅಭಿಪ್ರಾಯ ಕೊಟ್ಟಿಲ್ಲ. ಅವಳು ಬಂದ ಮೇಲೆ ಕೇಳುವುದಿದೆ.

ಎರಡನೆಯ ಪುಣ್ಯಸ್ಮರಣೆ ಹತ್ತಿರ ಬಂದಿದೆ. ಮೊನ್ನೆ ವೇಗ ಮತ್ತೆ ತಗ್ಗಿತು. ಲೆಕ್ಕ ಹಾಕಿ ತಂಗಿಗೆ ಫೋನು ಮಾಡಿದೆ.

"ನಾಲ್ಕು ದಿನ ತಡ ಆಗ್ಬೋದು. ಹೆಚ್ಚೂ ಆಗ್ಬೋದು. ಬಂದರಿನಾಗೆ ಜಾಗ ಐತೋ ಇಲ್ಲೋ ನನಗೆ ಗೊತ್ತಿಲ್ಲ."

ಆ ಕಡೆ ಒರಳಿನದೋ ಮಿಕ್ಸಿಯದೋ ಸದ್ದು ನಿಂತಿತು.

"ಆಗ್ಲಿ ಬಿಡು" ಎಂದಳು. "ಅವರ ದಿನ ಅವರ ದಿನಕ್ಕೇ ಮಾಡಾನ. ಶೇಂಗಾ ಹೋಳಿಗೆ ಅವಳು ಬರೋತನಕ ತಡೀತಾವೆ."